ತಾಯಿಯ ಪಿಂಚಣಿ: ಡಿಕ್ರಿಗೆ ಮುನ್ನ ಲೆಕ್ಕ, ಡಿಕ್ರಿಯ ನಂತರ ಜೋಡಣೆ

ಮಾನ್ಯ ಸಂಪಾದಕರೇ,

ಐವತ್ತು ದಾಟಿದ ಮೇಲೆ ಗಂಡನಿಂದ ವಿಚ್ಛೇದನ ಪಡೆಯುವ ಹೆಣ್ಣುಮಕ್ಕಳ ವಿಷಯ ಬಂದರೆ ಮನೆಮಂದಿಯ ಮಾತೆಲ್ಲ ಮನೆ, ಸೈಟು, ಒಡವೆ, ಜೀವನಾಂಶ ಇಷ್ಟರಲ್ಲೇ ಮುಗಿಯುತ್ತದೆ. ಪಿಂಚಣಿಯ ಮಾತು ಏಳುವುದು ವರ್ಷಗಳಾದ ಮೇಲೆ, ಕೈಗೆ ಬರುವ ದುಡ್ಡು ಸಾಲದಾದಾಗ. ಅಷ್ಟು ಹೊತ್ತಿಗೆ ತಿದ್ದಲು ಬಾರದ ಎರಡು ತಪ್ಪು ಆಗಿಹೋಗಿರುತ್ತವೆ. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಯ ಹಕ್ಕು ಡಿಕ್ರಿಯ, ಅಂದರೆ ಕೋರ್ಟಿನ ವಿಚ್ಛೇದನ ತೀರ್ಪಿನ, ಜೊತೆಗೇ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ರಾಜಿಪತ್ರಕ್ಕೆ ಸಹಿ ಬಿದ್ದಿರುತ್ತದೆ. ಆಕೆ ತಾನೇ ದುಡಿದು ಗಳಿಸಿದ ಪಿಎಫ್ ಪಿಂಚಣಿ, ಕೆಲಸ ಬಿಟ್ಟಾಗಲೆಲ್ಲ ತುಂಡು ತುಂಡಾಗಿ ಡ್ರಾ ಆಗಿರುತ್ತದೆ. ಅಮ್ಮನ ಕಾಗದಪತ್ರ ನೋಡಿಕೊಳ್ಳುವ ಮಗನಿಗೋ ಮಗಳಿಗೋ ಮೊದಲೇ ಗೊತ್ತಿದ್ದರೆ ಎರಡನ್ನೂ ತಪ್ಪಿಸಬಹುದು. ಅದಕ್ಕಾಗಿ ಈ ಪತ್ರ.

ಮೊದಲಿಗೆ ಒಂದು ಕಟು ಸತ್ಯ. ವಿಚ್ಛೇದನದ ವೇಳೆ ಪಿಂಚಣಿಯನ್ನೇ ಇಬ್ಬರಿಗೂ ಪಾಲು ಮಾಡಿಕೊಡುವ ಕಾನೂನು ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ 2000ದ ಡಿಸೆಂಬರ್‌ನಿಂದ ಕೋರ್ಟು ಒಬ್ಬರ ಪಿಂಚಣಿಯ ಇಂತಿಷ್ಟು ಶೇಕಡಾವನ್ನು ಇನ್ನೊಬ್ಬರ ಹೆಸರಿಗೆ ಬೇರ್ಪಡಿಸಿ ಕೊಡಬಹುದು. ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯಲ್ಲಿ ದಾಂಪತ್ಯ ಕನಿಷ್ಠ 10 ವರ್ಷ ನಡೆದಿದ್ದರೆ, ಮರುಮದುವೆಯಾಗದ ಮಾಜಿ ಪತ್ನಿಗೆ 62 ತುಂಬಿದ ಮೇಲೆ ಮಾಜಿ ಪತಿಯ ದುಡಿಮೆಯ ಆಧಾರದ ಮೇಲೆ ಹಣ ಕೇಳುವ ಹಕ್ಕಿದೆ. ಅಲ್ಲಿ ದುಡಿದು ಊರಿಗೆ ಮರಳಿದ ಕನ್ನಡಿಗ ಕುಟುಂಬಗಳು ಆ ದೇಶದ ಕಾಗದಗಳನ್ನು ಎಸೆಯದೆ ಇಟ್ಟುಕೊಳ್ಳಬೇಕು. ಇಲ್ಲಿ ಮಾತ್ರ ಡಿಕ್ರಿಯಾದ ದಿನದಿಂದ ಆಕೆ ಗಂಡನ ಪಿಂಚಣಿ ಕಡತಕ್ಕೆ ಹೊರಗಿನವಳು. ಸರ್ಕಾರಿ ಪಿಂಚಣಿಯಾಗಲಿ, ಪಿಎಫ್ ಇಲಾಖೆಯ 1995ರ ನೌಕರರ ಪಿಂಚಣಿ ಯೋಜನೆಯಾಗಲಿ, ಕುಟುಂಬ ಪಿಂಚಣಿ ಸಿಗುವುದು ಸಾಯುವ ದಿನಕ್ಕೆ ಹೆಂಡತಿಯಾಗಿದ್ದವಳಿಗೆ. ಮೂವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಅಲ್ಲಿ ಲೆಕ್ಕವಿಲ್ಲ.

ಇದರ ಬೆಲೆ ಎಷ್ಟು ಎಂಬುದನ್ನು ಸಹಿಗೆ ಮುನ್ನವೇ ಕಾಗದದ ಮೇಲೆ ಹಾಕಿ ನೋಡಬೇಕು. ಹಳೆಯ ಪಿಂಚಣಿ ವ್ಯವಸ್ಥೆಯ ಸರ್ಕಾರಿ ನೌಕರ 60,000 ರೂಪಾಯಿ ಮೂಲ ವೇತನದಲ್ಲಿ ನಿವೃತ್ತನಾದರೆ, ಆತನ ನಂತರ ಪತ್ನಿಗೆ ಶೇ 30ರಂತೆ ತಿಂಗಳಿಗೆ 18,000 ರೂಪಾಯಿ ಕುಟುಂಬ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ, ಅದೂ ಆಕೆ ಬದುಕಿರುವಷ್ಟು ಕಾಲ. ಖಾಸಗಿ ನೌಕರನಾಗಿದ್ದು ಪಿಎಫ್ ಪಿಂಚಣಿ ಮಾತ್ರ ಇದ್ದರೆ ಅರ್ಧ ಪಿಂಚಣಿ, ಕನಿಷ್ಠ 1,000 ರೂಪಾಯಿ. ಎರಡಕ್ಕೂ ಅಜಗಜಾಂತರ. ಮೊದಲನೆಯದನ್ನು ಬಿಟ್ಟುಕೊಡುತ್ತಿರುವವಳು ಐದು ಲಕ್ಷದ ಒಂದೇ ಕಂತಿನ ಜೀವನಾಂಶಕ್ಕೆ ಒಪ್ಪಿದರೆ, ತಾನು ಏನನ್ನು ಕೊಟ್ಟೆ ಎಂಬುದೇ ಆಕೆಗೆ ತಿಳಿದಿರುವುದಿಲ್ಲ.

ಡಿಕ್ರಿಯಿಲ್ಲದೆ ಇಪ್ಪತ್ತು ವರ್ಷ ಬೇರೆ ಬೇರೆ ಊರಲ್ಲಿದ್ದರೂ ಕಾನೂನಿನ ಪ್ರಕಾರ ಆಕೆ ಹೆಂಡತಿಯೇ. ಕುಟುಂಬ ಪಿಂಚಣಿಯ ಹಕ್ಕೂ ಆಕೆಯದೇ. ದೂರವಾಗಿ ಎಷ್ಟೋ ವರ್ಷಗಳಾದ ಮೇಲೆ, ನಿವೃತ್ತಿ ಹತ್ತಿರ ಬಂದಾಗ ಗಂಡನ ಕಡೆಯವರು ‘ಹೇಗೂ ಬೇರೆ ಇದ್ದೀರಿ, ಪರಸ್ಪರ ಒಪ್ಪಿಗೆಯಿಂದ ಮುಗಿಸಿಬಿಡೋಣ’ ಎಂದು ಬಂದರೆ ಇದೇ ಕಾರಣ ಇರಬಹುದು. ಪಿಂಚಣಿಯ ಆಸೆಗೆ ಹಿಂಸೆ ಸಹಿಸಿಕೊಂಡು ಇರಿ ಎಂದು ಯಾರಿಗೂ ಹೇಳುತ್ತಿಲ್ಲ. ಬಿಟ್ಟುಕೊಡುವುದರ ಬೆಲೆ ತಿಳಿದು, ಅದನ್ನು ರಾಜಿಪತ್ರದಲ್ಲಿ ಕೇಳಿ ಪಡೆಯಲಿ ಎಂಬುದಷ್ಟೇ ಮಾತು.

ಕೇಳುವುದು ಹೇಗೆ? ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿದೆ. ಗಂಡನ ಪಿಎಫ್ ಬಾಕಿ, ಗ್ರಾಚುಟಿ, ಬರುವ ಪಿಂಚಣಿ ಇವನ್ನೆಲ್ಲ ಆ ಪ್ರಮಾಣಪತ್ರದಲ್ಲಿ ತೋರಿಸಿದ್ದಾರೆಯೇ ಎಂದು ವಕೀಲರಿಂದ ಪರಿಶೀಲಿಸಿಕೊಳ್ಳಿ. ಎರಡನೆಯದಾಗಿ, ತಿಂಗಳ ಜೀವನಾಂಶ ಕೊಡುವವನ ಸಾವಿನ ಜೊತೆ ನಿಂತುಹೋಗುವ ಅಪಾಯ ಇದ್ದೇ ಇರುತ್ತದೆ. ಕುಟುಂಬ ಪಿಂಚಣಿ ಶುರುವಾಗಬೇಕಿದ್ದದ್ದು ಸರಿಯಾಗಿ ಅದೇ ದಿನದಿಂದ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಜೀವನಾಂಶಕ್ಕೆ ಭದ್ರತೆಯಾಗಿ ಆತನ ಸ್ಥಿರಾಸ್ತಿಯ ಮೇಲೆ ಹೊರೆ ಹಾಕಿಸಬಹುದು. ಇದನ್ನು ಕೇಳುವವರು ಕಡಿಮೆ. ಅದೇ ಸೆಕ್ಷನ್ನಿನ ಪ್ರಕಾರ ಡಿಕ್ರಿಯಾದ ಮೇಲೂ ಜೀವನಾಂಶಕ್ಕೆ ಅರ್ಜಿ ಹಾಕಬಹುದು, ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಲೂ ಕೇಳಬಹುದು. ಆದರೆ ‘ಮುಂದೆ ಯಾವ ಹಕ್ಕೂ ಕೇಳುವುದಿಲ್ಲ’ ಎಂಬ ಸಾಲು ರಾಜಿಪತ್ರದಲ್ಲಿದ್ದರೆ ಆ ದಾರಿ ಕಷ್ಟವಾಗುತ್ತದೆ. ಸಹಿಗೆ ಮುನ್ನ ಆ ಸಾಲಿನ ಮೇಲೆ ಬೆರಳಿಟ್ಟು ಓದಿಸಬೇಕು.

ಇನ್ನೊಂದು ಬಾಗಿಲು ಬಹಳ ಜನರಿಗೆ ಗೊತ್ತೇ ಇಲ್ಲ: ಅಮ್ಮನ ತವರಿನ ಪಿಂಚಣಿ. ಅಜ್ಜ ಕೇಂದ್ರ ಸರ್ಕಾರದ ನೌಕರರಾಗಿ ನಿವೃತ್ತರಾಗಿದ್ದು, ಅವರನ್ನೇ ಅವಲಂಬಿಸಿದ್ದ ವಿಚ್ಛೇದಿತ ಮಗಳಿಗೆ 25 ವರ್ಷ ದಾಟಿದ್ದರೂ ಕುಟುಂಬ ಪಿಂಚಣಿ ಸಿಗುತ್ತದೆ. ಅಜ್ಜಿಯ ನಂತರ, ತನ್ನ ಸರದಿ ಬಂದಾಗ, ಮರುಮದುವೆಯಾಗುವವರೆಗೆ ಅಥವಾ ಜೀವಮಾನವಿಡೀ. ಷರತ್ತು ಎರಡು. ಆಕೆಯ ಸ್ವಂತ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮೊತ್ತಕ್ಕಿಂತ ಕಡಿಮೆ ಇರಬೇಕು. ವಿಚ್ಛೇದನ ತಂದೆ ಅಥವಾ ತಾಯಿ ಬದುಕಿದ್ದಾಗ ಆಗಿರಬೇಕು, ಇಲ್ಲವೇ ಕನಿಷ್ಠ ಅರ್ಜಿಯಾದರೂ ಅವರು ಇದ್ದಾಗಲೇ ಕೋರ್ಟಿಗೆ ಬಿದ್ದಿರಬೇಕು. ಈ ಎರಡನೆಯ ಸಡಿಲಿಕೆ ಬಂದದ್ದು 2017ರ ಜುಲೈ 19ರ ಆದೇಶದಿಂದ. ಅಂದರೆ ಇಲ್ಲಿ ಡಿಕ್ರಿಯ ದಿನಾಂಕದಷ್ಟೇ ಅರ್ಜಿ ಹಾಕಿದ ದಿನಾಂಕವೂ ಮುಖ್ಯ. ಹಾಗಾಗಿ ಡಿಕ್ರಿಯ ಪ್ರತಿಯ ಜೊತೆ ಮೂಲ ಅರ್ಜಿಯ ದೃಢೀಕೃತ ಪ್ರತಿಯನ್ನೂ ಕೋರ್ಟಿನಿಂದ ತೆಗೆಸಿಡಿ. ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದ ‘ಬಿಡುಗಡೆ ಪತ್ರ’ ಈ ಕೆಲಸಕ್ಕೆ ಬರುವುದಿಲ್ಲ. ಕೋರ್ಟಿನ ಡಿಕ್ರಿಯೇ ಬೇಕು. ರಾಜ್ಯ ಸರ್ಕಾರದ ನೌಕರರಿಗೆ ಪ್ರತ್ಯೇಕ ನಿಯಮಗಳಿವೆ, ಕೇಂದ್ರದ ಆದೇಶವನ್ನು ಅಲ್ಲಿಗೆ ಹಾಗೇ ಹೊಂದಿಸಬಾರದು.

ಈಗ ಅಮ್ಮನ ಸ್ವಂತ ದುಡಿಮೆಗೆ ಬರೋಣ. ಹೆಚ್ಚಿನ ಕೈಕೆಲಸ ಇರುವುದು ಇಲ್ಲೇ.

ಬೆಂಗಳೂರಿನ ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿದ ಹೆಣ್ಣುಮಕ್ಕಳ ಕಾಗದದ ಚೀಲ ಬಿಚ್ಚಿದರೆ ಒಂದೇ ಹೆಸರಿನಲ್ಲಿ ಮೂರು ನಾಲ್ಕು ಪಿಎಫ್ ನಂಬರ್ ಸಿಗುತ್ತವೆ. ಕಾರ್ಖಾನೆ ಬದಲಾದಾಗಲೆಲ್ಲ ಒಂದು ಹೊಸ ನಂಬರ್. ಕೆಲಸ ಬಿಟ್ಟು ಎರಡು ತಿಂಗಳು ಕಳೆದರೆ ‘ಪಿಎಫ್ ಬಿಡಿಸಿಕೊಳ್ಳುವುದು’ ವಾಡಿಕೆಯಾಗಿತ್ತು. 2016ರ ಏಪ್ರಿಲ್‌ನಲ್ಲಿ ಪಿಎಫ್ ವಾಪಸಾತಿಗೆ ಕೇಂದ್ರ ಹಾಕಿದ ನಿರ್ಬಂಧದ ವಿರುದ್ಧ ಇದೇ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದು ಆ ಆದೇಶವನ್ನೇ ಹಿಂದೆಗೆಸಿದ್ದು ನೆನಪಿರಬಹುದು. ಆ ಹಣ ಅವರ ಕಷ್ಟಕಾಲದ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಎಫ್ ಎಂದು ನಾವು ಒಂದೇ ಹೆಸರಲ್ಲಿ ಕರೆಯುವುದರೊಳಗೆ ಎರಡು ಬೇರೆ ಬೇರೆ ಗಂಟುಗಳಿವೆ. ನೌಕರಳ ಶೇ 12 ಪೂರ್ತಿ ಭವಿಷ್ಯ ನಿಧಿಗೆ ಹೋಗುತ್ತದೆ. ಮಾಲೀಕರ ಶೇ 12ರಲ್ಲಿ ಶೇ 8.33 ಪಿಂಚಣಿ ಗಂಟಿಗೆ ಸೇರುತ್ತದೆ, 15,000 ರೂಪಾಯಿ ಸಂಬಳದ ಮಿತಿಯಲ್ಲಿ, ಅಂದರೆ ತಿಂಗಳಿಗೆ ಗರಿಷ್ಠ 1,250 ರೂಪಾಯಿ. ಮೊದಲ ಗಂಟು ಬಿಚ್ಚಿದರೂ ಎರಡನೆಯದನ್ನು ಮುಟ್ಟದೆ ಉಳಿಸಬಹುದು. 19ನೇ ಫಾರಂ ಪಿಎಫ್ ಹಣಕ್ಕೆ, 10ಸಿ ಫಾರಂ ಪಿಂಚಣಿ ಗಂಟಿಗೆ. ಸೈಬರ್ ಸೆಂಟರ್‌ನಲ್ಲಿ ಕೇಳದೆಯೇ ಎರಡನ್ನೂ ಒಟ್ಟಿಗೆ ತುಂಬಿಬಿಡುತ್ತಾರೆ. ಸೇವೆ ಹೋಗುವುದು ಅಲ್ಲಿ.

10 ವರ್ಷದ ಸೇವೆ ಇದ್ದರೆ 58ಕ್ಕೆ ಪಿಂಚಣಿ. ಆರು ತಿಂಗಳು ಮೇಲ್ಪಟ್ಟದ್ದನ್ನು ಒಂದು ವರ್ಷವೆಂದು ಹಿಡಿಯುವುದರಿಂದ ಒಂಬತ್ತೂವರೆ ವರ್ಷವಾಗಿದ್ದರೂ ಸಾಕು. ಈ ಸೇವೆ ಒಂದೇ ಕಾರ್ಖಾನೆಯದ್ದಾಗಬೇಕಿಲ್ಲ, ನಡುವೆ ಬಿಡುವು ಇದ್ದರೂ ಪರವಾಗಿಲ್ಲ, ತುಂಡುಗಳು ಕೂಡಿದರಾಯಿತು. ಒಂದು ಲೆಕ್ಕ ನೋಡಿ. 2014ರ ಸೆಪ್ಟೆಂಬರ್ ನಂತರ ಒಬ್ಬಾಕೆ ಒಂದು ಕಡೆ 4 ವರ್ಷ, ಇನ್ನೊಂದು ಕಡೆ 3 ವರ್ಷ 8 ತಿಂಗಳು, ಮತ್ತೊಂದು ಕಡೆ 3 ವರ್ಷ 1 ತಿಂಗಳು ದುಡಿದಿದ್ದಾರೆ ಎನ್ನಿ. ಒಟ್ಟು 10 ವರ್ಷ 9 ತಿಂಗಳು, ಲೆಕ್ಕಕ್ಕೆ 11 ವರ್ಷ. ಕೊನೆಯ 60 ತಿಂಗಳ ಸರಾಸರಿ ಸಂಬಳ 11,200 ರೂಪಾಯಿ. ಸೂತ್ರ ಸರಳ: ಸಂಬಳವನ್ನು ಸೇವಾ ವರ್ಷದಿಂದ ಗುಣಿಸಿ 70ರಿಂದ ಭಾಗಿಸುವುದು. 11,200 ಗುಣಿಸು 11, ಭಾಗಿಸು 70 ಅಂದರೆ 1,760 ರೂಪಾಯಿ, ತಿಂಗಳು ತಿಂಗಳೂ, ಜೀವಮಾನವಿಡೀ. ಅದೇ ಮೂರು ತುಂಡುಗಳನ್ನು ಆಯಾ ಹೊತ್ತಿಗೆ ಬಿಡಿಸಿಕೊಂಡಿದ್ದರೆ ವರ್ಷದ ಸೇವೆಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳದಂತೆ ಸಿಗುತ್ತಿತ್ತು. ಕೆಲಸ ಬಿಡುವಾಗಿನ ಸಂಬಳ ಕ್ರಮವಾಗಿ 7,500, 9,500, 13,000 ಇದ್ದಿದ್ದರೆ ಎಲ್ಲ ಸೇರಿ ಒಂದು ಲಕ್ಷದ ಹತ್ತು ಸಾವಿರದ ಆಸುಪಾಸು. 1,760ರ ಪಿಂಚಣಿ ಅಷ್ಟನ್ನು ಐದು ವರ್ಷ ಚಿಲ್ಲರೆಯಲ್ಲಿ ತುಂಬಿಕೊಡುತ್ತದೆ, ಆಮೇಲಿನದ್ದೆಲ್ಲ ಲಾಭ. 2014ರ ಸೆಪ್ಟೆಂಬರ್‌ಗೆ ಹಿಂದಿನ ಸೇವೆಗೆ ಸಂಬಳದ ಮಿತಿ 6,500 ರೂಪಾಯಿ ಇದ್ದುದರಿಂದ ಆ ವರ್ಷಗಳ ಪಾಲು ಕಡಿಮೆ ಬರುತ್ತದೆ, ಅಷ್ಟೇ.

ಸೇವೆ 10 ವರ್ಷಕ್ಕೆ ಕಡಿಮೆ ಇದ್ದು ಅಮ್ಮನಿಗೆ ಇನ್ನೂ ದುಡಿಯುವ ವಯಸ್ಸಿದ್ದರೆ 10ಸಿ ಫಾರಂನಲ್ಲಿ ಹಣ ಕೇಳಬೇಡಿ, ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಅದೇ ಫಾರಂನಲ್ಲಿ ಎರಡೂ ಆಯ್ಕೆ ಇವೆ. ಆ ಸರ್ಟಿಫಿಕೇಟ್ ಅಂದರೆ ಇಷ್ಟು ವರ್ಷದ ಸೇವೆ ಜಮೆಯಲ್ಲಿದೆ ಎಂಬ ಚೀಟಿ. ಮುಂದಿನ ಕೆಲಸದಲ್ಲಿ ಅದನ್ನು ಕೂಡಿಸಿಕೊಳ್ಳಬಹುದು. ವಿಚ್ಛೇದನದ ನಂತರ ಮತ್ತೆ ಕೆಲಸಕ್ಕೆ ಸೇರುವವರಿಗೆ ಇನ್ನೊಂದು ಸೂಕ್ಷ್ಮವಿದೆ. 2014ರ ಸೆಪ್ಟೆಂಬರ್ 1ರ ನಂತರ ಹೊಸದಾಗಿ ಪಿಎಫ್‌ಗೆ ಸೇರುವವರ ಸಂಬಳ ಆರಂಭದಲ್ಲೇ 15,000 ದಾಟಿದ್ದರೆ ಅವರು ಪಿಂಚಣಿ ಯೋಜನೆಗೆ ಬರುವುದೇ ಇಲ್ಲ. ಹಳೆಯ ಪಿಂಚಣಿ ಸೇವೆಯನ್ನು ಬಿಡಿಸಿಕೊಳ್ಳದೆ ಉಳಿಸಿದ್ದವರು ಹಳೆಯ ಸದಸ್ಯರಾಗಿಯೇ ಮುಂದುವರಿಯುತ್ತಾರೆ. ಹತ್ತು ವರ್ಷದ ಹಿಂದೆ ಇಪ್ಪತ್ತು ಸಾವಿರಕ್ಕೆ ಬಿಡಿಸಿಕೊಂಡ ಆ ಸಣ್ಣ ಗಂಟು ಇವತ್ತು ಬಾಗಿಲನ್ನೇ ಮುಚ್ಚಿರುತ್ತದೆ.

ಈ ಸೇವೆಯ ತುಂಡುಗಳನ್ನು ಜೋಡಿಸುವ ಕೆಲಸವನ್ನು ಪಿಎಫ್ ಪೋರ್ಟಲ್‌ನಿಂದ ಶುರುಮಾಡಿದರೆ ಅರ್ಧಕ್ಕೆ ನಿಲ್ಲುತ್ತದೆ. ಮೊದಲು ನೋಡಬೇಕಾದದ್ದು ಫೋನ್. ಅಮ್ಮನ ಆಧಾರ್‌ಗೆ ಯಾವ ಮೊಬೈಲ್ ಜೋಡಣೆಯಾಗಿದೆ? ಎಷ್ಟೋ ಮನೆಗಳಲ್ಲಿ ಅದು ಮಾಜಿ ಗಂಡನ ನಂಬರ್. ಪಿಎಫ್‌ನ ಪ್ರತಿ ಹೆಜ್ಜೆಗೂ ಬರುವ ಒಟಿಪಿ ಆತನ ಫೋನಿಗೆ ಹೋಗುತ್ತದೆ. ಅಂದರೆ ಕೆಲಸ ನಿಲ್ಲುವುದಷ್ಟೇ ಅಲ್ಲ, ಏನು ನಡೆಯುತ್ತಿದೆ ಎಂಬ ಸುದ್ದಿಯೂ ಅಲ್ಲಿಗೆ ಮುಟ್ಟುತ್ತದೆ. ಆಧಾರ್ ಕೇಂದ್ರಕ್ಕೆ ಅಮ್ಮನನ್ನೇ ಕರೆದುಕೊಂಡು ಹೋಗಿ ಆಕೆಯ ಸ್ವಂತ ನಂಬರ್ ಹಾಕಿಸಿ. ಮಕ್ಕಳ ನಂಬರ್ ಹಾಕಿಸುವುದು ಸುಲಭ ಎನಿಸುತ್ತದೆ, ಆದರೆ ಮಗ ಸಿಮ್ ಬದಲಿಸಿದ ದಿನ ಮತ್ತೆ ಮೊದಲಿಂದ ಶುರು.

ಆಮೇಲೆ ಹೆಸರು. ನಮ್ಮ ಕಡೆಯ ದಾಖಲೆಗಳಲ್ಲಿ ಹೆಸರಿನ ಮುಂದೆ ‘ಕೋಂ’ ಬರೆದು ಗಂಡನ ಹೆಸರು ಸೇರಿಸುವುದು ರೂಢಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು ಬಿಡಿಸಿ ಬರೆದದ್ದು, ಪಿಎಫ್ ಚೀಟಿಯಲ್ಲಿ ಬರೀ ಹೆಸರು, ಹೀಗೆ ಮೂರು ರೂಪ. ಕಂಪ್ಯೂಟರ್‌ಗೆ ಅವರು ಮೂರು ಜನ. ಡಿಕ್ರಿಯಾದ ಸಿಟ್ಟಿನಲ್ಲಿ ತಕ್ಷಣ ಆಧಾರ್‌ನಲ್ಲಿ ಗಂಡನ ಹೆಸರು ತೆಗೆಸಲು ಓಡಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಇನ್ನು ಮುಂದೆ ಯಾವ ಹೆಸರಿನಲ್ಲಿ ಇರಬೇಕು ಎಂದು ಅಮ್ಮನೇ ಕೂತು ತೀರ್ಮಾನಿಸಲಿ, ಅಕ್ಷರ ಅಕ್ಷರವಾಗಿ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲೂ ಬರೆದಿಡಿ. ಆಧಾರ್ ಮೊದಲು, ನಂತರ ಪಾನ್, ನಂತರ ಬ್ಯಾಂಕು, ಕೊನೆಗೆ ಪಿಎಫ್. ಈ ಕ್ರಮ ತಪ್ಪಿದರೆ ಒಂದನ್ನು ಸರಿಮಾಡುವಾಗ ಇನ್ನೊಂದು ಹೊಂದದೆ ಅರ್ಜಿ ವಾಪಸ್ ಬರುತ್ತದೆ. ಪಿಎಫ್‌ನಲ್ಲಿ ಹೆಸರು, ವೈವಾಹಿಕ ಸ್ಥಿತಿ, ಸಂಗಾತಿಯ ಹೆಸರು ತಿದ್ದುವುದಕ್ಕೆ ಜಂಟಿ ಘೋಷಣೆ ಎಂಬ ದಾರಿಯಿದೆ. 2017ರ ಅಕ್ಟೋಬರ್ ನಂತರ ಆಧಾರ್ ಮೂಲಕವೇ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಪಡೆದವರು ಇವುಗಳಲ್ಲಿ ಹೆಚ್ಚಿನದನ್ನು ಮಾಲೀಕರ ಸಹಿಯಿಲ್ಲದೆ ಆನ್‌ಲೈನ್‌ನಲ್ಲೇ ತಿದ್ದಿಕೊಳ್ಳಬಹುದು. ಹಳಬರಿಗೆ ಮಾಲೀಕರ ಒಪ್ಪಿಗೆ ಬೇಕು. ಕಾರ್ಖಾನೆ ಮುಚ್ಚಿಹೋಗಿದ್ದರೆ ಗೆಜೆಟೆಡ್ ಅಧಿಕಾರಿ, ಬ್ಯಾಂಕ್ ಮ್ಯಾನೇಜರ್ ಇಂಥವರ ದೃಢೀಕರಣದ ಜೊತೆ ಪಿಎಫ್ ಕಚೇರಿಗೆ ಕಾಗದದಲ್ಲೇ ಕೊಡಬೇಕು. ಜನ್ಮದಿನಾಂಕ ಹೊಂದದಿದ್ದರೆ ಶಾಲೆಯ ಟಿಸಿ, ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಹುಡುಕಿ.

ಬ್ಯಾಂಕ್ ಖಾತೆ ಆಕೆಯ ಒಬ್ಬಳ ಹೆಸರಿನಲ್ಲೇ ಇರಲಿ. ಹಳೆಯ ಜಂಟಿ ಖಾತೆಯೇ ಪಿಎಫ್‌ಗೆ ಜೋಡಣೆಯಾಗಿದ್ದರೆ ಬಂದ ಹಣವನ್ನು ಇನ್ನೊಬ್ಬರೂ ತೆಗೆಯಬಹುದು. ಮಕ್ಕಳ ಜೊತೆಗಿನ ಜಂಟಿ ಖಾತೆಯೂ ಪಿಎಫ್ ಕ್ಲೇಮಿಗೆ ತೊಡಕು. ಹೊಸ ಖಾತೆ ತೆರೆದು ಮಕ್ಕಳನ್ನು ನಾಮಿನಿ ಮಾಡಿದರೆ ಸಾಕು. ಎಟಿಎಂ ಕಾರ್ಡೂ ಆಕೆಯ ಕೈಯಲ್ಲೇ ಇರಲಿ.

ಇಷ್ಟಾದ ಮೇಲೆ ನಂಬರ್‌ಗಳ ಬೇಟೆ. ಹಳೆಯ ಸಂಬಳದ ಚೀಟಿ, ‘ಕೆಎನ್’ ಎಂದು ಶುರುವಾಗುವ ಹಳೆಯ ಪಿಎಫ್ ನಂಬರ್, ವರ್ಷಕ್ಕೊಮ್ಮೆ ಕೊಡುತ್ತಿದ್ದ ಪಿಎಫ್ ಸ್ಲಿಪ್, ಇಎಸ್‌ಐ ಕಾರ್ಡ್, ಕಾರ್ಖಾನೆಯ ಗುರುತಿನ ಚೀಟಿ, ಏನೇ ಸಿಕ್ಕರೂ ಎತ್ತಿಡಿ. ಯುಎಎನ್ ಬಂದದ್ದೇ 2014ರಲ್ಲಿ. ಅದಕ್ಕೂ ಹಿಂದಿನ ಖಾತೆಗಳು ತಾವಾಗಿ ಅದರೊಳಗೆ ಬಂದಿರುವುದಿಲ್ಲ. ಪೋರ್ಟಲ್‌ನಲ್ಲಿ ಸರ್ವಿಸ್ ಹಿಸ್ಟರಿ ತೆರೆದು ಯಾವ ಯಾವ ಕಾರ್ಖಾನೆ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ಟಿಕ್ ಹಾಕಿ. ಎರಡು ಯುಎಎನ್ ಇದ್ದರೆ ಹಳೆಯದರ ಖಾತೆಗಳನ್ನು ಹೊಸದಕ್ಕೆ ವರ್ಗಾಯಿಸಬೇಕು. ಒಂದೇ ಯುಎಎನ್ ಕೆಳಗೆ ಹಲವು ಖಾತೆ ಇದ್ದರೂ ವರ್ಗಾವಣೆ ಆಗಿರುವುದಿಲ್ಲ. ‘ಒಬ್ಬ ಸದಸ್ಯ ಒಂದು ಪಿಎಫ್ ಖಾತೆ’ ಎಂಬ ಆಯ್ಕೆಯಲ್ಲಿ ಒಂದೊಂದನ್ನೂ ಕೋರಬೇಕು. ವರ್ಗಾವಣೆ ನಿಲ್ಲುವುದು ಹೆಚ್ಚಾಗಿ ಒಂದು ಖಾಲಿ ಜಾಗದಿಂದ: ಕೆಲಸ ಬಿಟ್ಟ ದಿನಾಂಕ. ಹಳೆಯ ಮಾಲೀಕರು ಅದನ್ನು ತುಂಬಿರುವುದಿಲ್ಲ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾಗಿದ್ದರೆ ಸದಸ್ಯರೇ ಅದನ್ನು ತುಂಬಬಹುದು, ಆದರೆ ಕೊನೆಯ ವಂತಿಗೆಯ ತಿಂಗಳೊಳಗಿನ ದಿನಾಂಕವನ್ನೇ ಹಾಕಬೇಕು. ಹೊಸ ಕೆಲಸಕ್ಕೆ ಸೇರಿದ ದಿನದ ನಂತರದ ದಿನಾಂಕ ಬಿದ್ದರೆ ಎರಡು ಸೇವೆ ಒಂದರ ಮೇಲೊಂದು ಕೂತು ತೊಡಕಾಗುತ್ತದೆ.

ವರ್ಗಾವಣೆಯಾದ ಮೇಲೆ ಪಾಸ್‌ಬುಕ್ ತೆರೆದವರು ಗಾಬರಿಯಾಗುವ ಒಂದು ಜಾಗವಿದೆ. ನೌಕರರ ಪಾಲು, ಮಾಲೀಕರ ಪಾಲು ಬಂದಿರುತ್ತದೆ, ಪಿಂಚಣಿಯ ಕಾಲಂನಲ್ಲಿ ಮಾತ್ರ ಸೊನ್ನೆ. ಹಣ ಎಲ್ಲಿ ಹೋಯಿತು ಎಂದು ದೂರು ಬರೆಯುತ್ತಾರೆ. ಹಣ ಹೋಗಿಲ್ಲ. ಪಿಂಚಣಿ ಗಂಟಿನಲ್ಲಿ ವರ್ಗವಾಗುವುದು ರೂಪಾಯಿ ಅಲ್ಲ, ಸೇವೆ. ಅದು ಸಿಗುವುದು ಅನೆಕ್ಷರ್-ಕೆ ಎಂಬ ಹಾಳೆಯಲ್ಲಿ. ಸೇರಿದ ದಿನ, ಬಿಟ್ಟ ದಿನ, ವಂತಿಗೆ ಬೀಳದ ದಿನಗಳು ಎಲ್ಲವೂ ಅಲ್ಲಿರುತ್ತವೆ. ಈ ವಂತಿಗೆ ಬೀಳದ ದಿನಗಳನ್ನು, ಅಂದರೆ ಎನ್‌ಸಿಪಿ ಎಂದು ನಮೂದಾಗುವ ಸಂಬಳರಹಿತ ರಜೆಯ ದಿನಗಳನ್ನು, ಕಣ್ಣಿಟ್ಟು ನೋಡಿ. ಅವು ಸೇವೆಯಿಂದ ಕಳೆಯುತ್ತವೆ. ಒಂಬತ್ತೂವರೆ ವರ್ಷದ ಗಡಿಯಲ್ಲಿರುವವರಿಗೆ ತಪ್ಪಾಗಿ ನಮೂದಾದ ನಲವತ್ತು ದಿನ ಪಿಂಚಣಿಯನ್ನೇ ತಪ್ಪಿಸಬಲ್ಲದು. ದೊಡ್ಡ ಕಂಪನಿಗಳಲ್ಲಿ ದುಡಿದಿದ್ದರೆ ಪಿಎಫ್ ಹಣ ಕಂಪನಿಯ ಸ್ವಂತ ಟ್ರಸ್ಟಿನಲ್ಲಿರಬಹುದು, ಆಗ ಸರ್ಕಾರದ ಪಾಸ್‌ಬುಕ್‌ನಲ್ಲಿ ಅದು ಕಾಣುವುದಿಲ್ಲ. ಪಿಂಚಣಿ ಸೇವೆ ಮಾತ್ರ ಪಿಎಫ್ ಇಲಾಖೆಯಲ್ಲೇ ಇರುತ್ತದೆ.

ನಾಮಿನಿ ಬದಲಾವಣೆಯನ್ನು ಡಿಕ್ರಿಯಾದ ವಾರವೇ ಮುಗಿಸಿ. ಡಿಕ್ರಿ ಬಂದ ಮಾತ್ರಕ್ಕೆ ದಾಖಲೆಯಲ್ಲಿರುವ ಮಾಜಿ ಗಂಡನ ಹೆಸರು ತಾನಾಗಿ ಅಳಿಯುವುದಿಲ್ಲ. ಪಿಎಫ್‌ಗೆ ಇ-ನಾಮಿನೇಷನ್, ಗ್ರಾಚುಟಿಗೆ ಮಾಲೀಕರ ಬಳಿ ಬೇರೆ ಫಾರಂ, ಎಲ್‌ಐಸಿ, ಬ್ಯಾಂಕು, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಇದ್ದರೆ ಅದಕ್ಕೂ ಬೇರೆ ಬೇರೆ. ಒಂದು ಕಡೆ ಬದಲಿಸಿದ್ದು ಇನ್ನೊಂದಕ್ಕೆ ಅನ್ವಯಿಸದು. ಅಟಲ್ ಪಿಂಚಣಿ ಯೋಜನೆಯಲ್ಲಿ ಸಂಗಾತಿಯೇ ಮೊದಲ ವಾರಸುದಾರ ಎಂಬುದು ಯೋಜನೆಯ ನಿಯಮ, ಆದ್ದರಿಂದ ವೈವಾಹಿಕ ಸ್ಥಿತಿಯನ್ನೇ ಬ್ಯಾಂಕಿನಲ್ಲಿ ತಿದ್ದಿಸಬೇಕು. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ತಾಯಿಯಾದರೆ ಸೇವಾ ಪುಸ್ತಕದ ಕುಟುಂಬ ವಿವರ ಮತ್ತು ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆ) ಪಾಲಿಸಿಯ ನಾಮಿನಿ ಎರಡನ್ನೂ ನಿವೃತ್ತಿಗೆ ಮುನ್ನವೇ ಸರಿಮಾಡಿಸಿ. ಕಡತ ಮಹಾಲೇಖಪಾಲರ ಕಚೇರಿ ಮುಟ್ಟಿದ ಮೇಲೆ ತಿದ್ದಿಸುವುದು ಎರಡು ಪಟ್ಟು ಓಡಾಟ.

58 ತುಂಬಿದಾಗ ಪಿಂಚಣಿಗೆ ಅರ್ಜಿ 10ಡಿ ಫಾರಂನಲ್ಲಿ. ದಂಪತಿಯ ಜೋಡಿ ಫೋಟೊ ಕೇಳುವಲ್ಲಿ ಅಮ್ಮನ ಫೋಟೊ ಹಾಕಿ, ವಿಚ್ಛೇದಿತೆ ಎಂದು ಬರೆದು, ಡಿಕ್ರಿಯ ಪ್ರತಿ ಲಗತ್ತಿಸಿ. ಡಿಕ್ರಿ ಇಲ್ಲದಿದ್ದರೆ ಅರ್ಜಿಯನ್ನು ತಡೆಹಿಡಿದು ಸ್ಪಷ್ಟನೆ ಕೇಳಬಹುದು. 50 ತುಂಬಿದವರು ಕೆಲಸ ಬಿಟ್ಟಿದ್ದರೆ ಮೊದಲೇ ಪಿಂಚಣಿ ಕೇಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ಶೇ 4ರಂತೆ ಖಾಯಂ ಕಡಿತ. ತೀರಾ ಅನಿವಾರ್ಯವಲ್ಲದೆ ಇದನ್ನು ಮಾಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ತದ್ವಿರುದ್ಧವಾಗಿ 60ರವರೆಗೆ ತಡೆದರೆ ವರ್ಷಕ್ಕೆ ಶೇ 4 ಹೆಚ್ಚು. 20 ವರ್ಷ ಸೇವೆ ಇದ್ದವರಿಗೆ 2 ವರ್ಷ ಉಡುಗೊರೆಯಾಗಿ ಸೇರುತ್ತದೆ. ಎಲ್ಲ ಕಾಗದ ಸರಿಯಿದ್ದರೆ 20 ದಿನದಲ್ಲಿ ತೀರ್ಮಾನವಾಗಬೇಕು.

ಇನ್ನು ‘ಒಟ್ಟುಗೂಡಿಸುವುದು’ ಎಂಬ ಮಾತು. ಪಿಎಫ್ ಪಿಂಚಣಿ, ತಂದೆಯಿಂದ ಬಂದ ಕುಟುಂಬ ಪಿಂಚಣಿ, ಎಲ್‌ಐಸಿಯ ವರ್ಷಾಶನ ಇವನ್ನು ಕೂಡಿಸಿ ಒಂದೇ ಪಿಂಚಣಿ ಮಾಡಲು ಆಗದು. ಒಂದೇ ಬ್ಯಾಂಕ್ ಖಾತೆಗೆ ಬರುವಂತೆ ಮಾಡಬಹುದು. 2025ರ ಜನವರಿಯಿಂದ ಪಿಎಫ್ ಪಿಂಚಣಿ ದೇಶದ ಯಾವ ಬ್ಯಾಂಕಿನ ಯಾವ ಶಾಖೆಗಾದರೂ ಬರುತ್ತದೆ, ಊರು ಬದಲಿಸಿದರೂ ಪಿಂಚಣಿ ಆದೇಶವನ್ನು ವರ್ಗಾಯಿಸುವ ಗೋಜಿಲ್ಲ. ಆದರೆ ಪಿಂಚಣಿದಾರರು ಬದುಕಿದ್ದಾರೆ ಎಂದು ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣಪತ್ರ ಪ್ರತಿ ಪಿಪಿಒ (ಪಿಂಚಣಿ ಆದೇಶ) ನಂಬರಿಗೂ ಪ್ರತ್ಯೇಕ. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೂ ಆಯಿತು ಎಂದುಕೊಂಡು ಕೂರುವುದರಿಂದಲೇ ಪಿಂಚಣಿ ನಿಲ್ಲುವುದು. ಕೇಂದ್ರ ಸರ್ಕಾರಿ ಪಿಂಚಣಿಗೆ ನವೆಂಬರ್, 80 ದಾಟಿದವರಿಗೆ ಅಕ್ಟೋಬರ್‌ನಿಂದಲೇ. ಪಿಎಫ್ ಪಿಂಚಣಿಗೆ ವರ್ಷದ ಯಾವ ತಿಂಗಳಾದರೂ ಸರಿ, ಕೊಟ್ಟ ದಿನದಿಂದ 12 ತಿಂಗಳು ಊರ್ಜಿತ. ಎರಡನ್ನೂ ನವೆಂಬರ್‌ನಲ್ಲೇ ಒಟ್ಟಿಗೆ ಮಾಡುವುದು ನೆನಪಿಗೆ ಅನುಕೂಲ. ಸೂಜಿ, ಬಟ್ಟೆ, ಸೋಪಿನ ಕೆಲಸದಲ್ಲಿ ಬೆರಳ ಗೆರೆ ಸವೆದವರಿಗೆ ಬೆರಳಚ್ಚು ಹಿಡಿಯುವುದಿಲ್ಲ. ಮುಖ ತೋರಿಸಿ ಮಾಡುವ ಆ್ಯಪ್ ಇದೆ. ಬೆಳಗಿನ ಬೆಳಕಿನಲ್ಲಿ, ಕನ್ನಡಕ ತೆಗೆದು, ಬಿಳಿ ಗೋಡೆಯ ಮುಂದೆ ಕೂರಿಸಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ಹೇಗೆ ಮಾಡಿದರೂ, ಜೀವಿತ ಪ್ರಮಾಣಪತ್ರದಲ್ಲಿನ ‘ಮರುಮದುವೆ ಆಗಿದೆಯೇ’ ಎಂಬ ಪ್ರಶ್ನೆಗೆ ಅವಸರದಲ್ಲಿ ತಪ್ಪು ಗುಂಡಿ ಒತ್ತಿದರೆ ಕುಟುಂಬ ಪಿಂಚಣಿ ನಿಲ್ಲಬಹುದು.

ಯಾವ ಸೇವೆಯೂ ಜಮೆಯಿಲ್ಲದ, ಬಿಪಿಎಲ್ ಕುಟುಂಬದ ವಿಚ್ಛೇದಿತ ಮಹಿಳೆಗೆ 40ರಿಂದ 64 ವರ್ಷದವರೆಗೆ ರಾಜ್ಯ ಸರ್ಕಾರದ ಮನಸ್ವಿನಿ ಯೋಜನೆಯಲ್ಲಿ ತಿಂಗಳಿಗೆ 800 ರೂಪಾಯಿ ಇದೆ, 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾದಲ್ಲಿ 1,200. ನಾಡಕಚೇರಿಯಲ್ಲಿ ಅರ್ಜಿ. ಮೊತ್ತ ಸಣ್ಣದು, ನಿಜ. ಮೊದಲು ಗಂಡನ ಮನೆಯ ಪಡಿತರ ಚೀಟಿಯಿಂದ ಆಕೆಯ ಹೆಸರು ಹೊರಬಂದಿರಬೇಕು. ಹಲವರ ಅರ್ಜಿ ನಿಲ್ಲುವುದು ಅಲ್ಲಿಯೇ.

ಪಿಎಫ್ ಇಲಾಖೆಗೆ ನಮ್ಮದೊಂದು ಕೋರಿಕೆ. 10ಸಿ ಫಾರಂನಲ್ಲಿ ಹಣ ಕೇಳುವ ಗುಂಡಿ ಒತ್ತುವ ಮುನ್ನ ಪರದೆಯ ಮೇಲೆ ಕನ್ನಡದಲ್ಲಿ ಎರಡು ಸಾಲು ಬರಲಿ: ನಿಮ್ಮ ಒಟ್ಟು ಸೇವೆ ಇಷ್ಟು, ಪಿಂಚಣಿಗೆ ಇನ್ನು ಇಷ್ಟು ತಿಂಗಳು ಸಾಕು, ಈಗ ಹಣ ತೆಗೆದರೆ ಈ ಸೇವೆ ಅಳಿದುಹೋಗುತ್ತದೆ. ಕೌಟುಂಬಿಕ ನ್ಯಾಯಾಲಯಗಳ ಸಂಧಾನ ಕೇಂದ್ರಗಳಲ್ಲಿ ರಾಜಿಪತ್ರದ ಜೊತೆ ಇಬ್ಬರ ಪಿಂಚಣಿಯ ವಿವರ ಇರುವ ಒಂದು ಹಾಳೆ ಕಡ್ಡಾಯವಾಗಲಿ. ಇವೆರಡಕ್ಕೂ ಹೊಸ ಕಾನೂನು ಬೇಕಿಲ್ಲ. ಅಲ್ಲಿಯವರೆಗೆ, ಪ್ರತಿ ತಿಂಗಳ 27ರಂದು ಎಲ್ಲ ಜಿಲ್ಲೆಗಳಲ್ಲೂ ಪಿಎಫ್ ಇಲಾಖೆ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಸುತ್ತದೆ, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ. ಆಧಾರ್, ಡಿಕ್ರಿಯ ದೃಢೀಕೃತ ಪ್ರತಿ, ಹಳೆಯ ಪಿಎಫ್ ನಂಬರ್‌ಗಳ ಪಟ್ಟಿ ಮತ್ತು ಆಕೆಯ ಸ್ವಂತ ಫೋನ್ ಹಿಡಿದು ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಇತಿ,
ಪಿಂಚಣಿ ಅರ್ಜಿಗಳ ಕೆಲಸ ಬಲ್ಲ ಓದುಗರು
ಬೆಂಗಳೂರು